ಅಮ್ಮನ ಸ್ವರದ ಅಡಿಯಲ್ಲಿ

ಅಣ್ಣ ಗಲ್ಫಿನಲ್ಲಿ ತೀರಿಕೊಂಡಾಗ ನಾನು ಮಣಿಪಾಲದ ಒಂದು ಕಾಲೇಜಿನ ಇಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಹೆಣ ಊರಿಗೆ ಬರಲಿಲ್ಲ. ಬಂದದ್ದು ಅವನ ಪೆಟ್ಟಿಗೆ, ಅದರೊಳಗೆ ಒಂದು ಕ್ಯಾಸೆಟ್ಟು.

ನಮ್ಮಲ್ಲಿ ಆಗ ಕಾಗದಕ್ಕಿಂತ ಕ್ಯಾಸೆಟ್ಟೇ ಹೆಚ್ಚು. ಅಣ್ಣ ಮಾತಾಡಿ ಕಳಿಸುತ್ತಿದ್ದ. ಕಾಪುವಿನ ಮನೆಯಲ್ಲಿ ಎಲ್ಲರೂ ಕೇಳಿದ ಮೇಲೆ ಅದರ ಮೇಲೆಯೇ ಅಮ್ಮನ ಮಾತು ತುಂಬಿಸಿ ವಾಪಸು ಕಳಿಸುತ್ತಿದ್ದೆವು. ಒಂದು ಇರುವಾಗ ಇನ್ನೊಂದು ಯಾಕೆ ಎಂಬ ಜಾಣತನ. ಆ ಜಾಣತನಕ್ಕೆ ಬೆಂಕಿ ಹಾಕ! ರೆಕಾರ್ಡ್ ಗುಂಡಿ ಒತ್ತುತ್ತಿದ್ದವನು ನಾನೇ. ಅಣ್ಣನ ಸ್ವರವನ್ನೆಲ್ಲ ಕೈಯಾರೆ ಅಳಿಸಿದ್ದೆ. ಈ ಕೊನೆಯ ಕ್ಯಾಸೆಟ್ಟಿನಲ್ಲೂ ಇದ್ದದ್ದು ಅಮ್ಮನ ಉತ್ತರವೇ.

“ಅವನ ಸ್ವರ ಒಮ್ಮೆ ಕೇಳಿಸು ಮಗ,” ಎಂದು ಅಮ್ಮ ದಿನಾ ಗೋಗರೆಯುತ್ತಿದ್ದಳು. “ನೀನು ಕರೆಂಟಿನ ಕೆಲಸ ಕಲಿತವನಲ್ವಾ?”

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು. ಲ್ಯಾಬಿನ ಲೆಕ್ಚರರು ಒಂದು ದಾರಿ ಹೇಳಿದರು. “ನಿಮ್ಮ ಹಳೇ ರೆಕಾರ್ಡರ್ ಪೂರ್ತಿ ಅಳಿಸುದಿಲ್ಲ ಮಾರಾಯ. ಅಡಿಯಲ್ಲಿ ಸಣ್ಣಕೆ ಎಂತಾದರೂ ಉಳಿದಿರ್ತದೆ. ಅಮ್ಮ ಮಾತು ನಿಲ್ಲಿಸಿದಲ್ಲಿ ಹುಡುಕು.”

ಫಿಲ್ಟರ್ ಕಟ್ಟಿ ಕರೆಂಟಿನ ಗುಂಯ್ ಸದ್ದು ತೆಗೆದೆ. ಅದರ ಮುಂದೆ ಟ್ರಾನ್ಸಿಸ್ಟರಿನ ಸ್ವಿಚ್ಚು. ಅಮ್ಮನ ಸ್ವರ ಬಂದ ಕೂಡಲೇ ಅದು ಸದ್ದಿನ ಮಟ್ಟ ಇಳಿಸಬೇಕು, ಸ್ವರ ನಿಂತ ಕೂಡಲೇ ಪೂರ್ತಿ ಏರಿಸಬೇಕು. ಮೊದಲು ತಡವಾಗಿ ಏರಿತು. ಕೆಪಾಸಿಟರ್ ಬದಲಿಸಿದರೆ ಬರೀ ಟಕಟಕ. ಬೆರಳು ಸುಟ್ಟುಕೊಂಡು, ಬೈದುಕೊಂಡು, ತಿಂಗಳ ಮೇಲೆ ಸರಿಮಾಡಿದೆ.

ಆದರೆ ಅಮ್ಮ ಮಾತು ನಿಲ್ಲಿಸಿದ್ದರೆ ತಾನೇ? ಮೀನು ಮಾರುವ ಹೆಂಗಸು. ಗಿರಾಕಿಗೆ ಬಾಯಿ ತೆರೆಯಲು ಬಿಡದೆ ಮಾತಾಡಿ ರೂಢಿ. ಅರ್ಧ ಗಂಟೆಯ ಟೇಪಿನಲ್ಲಿ ಒಂದೇ ಒಂದು ಕಡೆ, ಮೀನಿನ ಬುಟ್ಟಿಗೆ ಬಾಯಿ ಹಾಕಿದ ಬೆಕ್ಕನ್ನು ಓಡಿಸಲು ಎದ್ದು ಹೋಗಿದ್ದಳು. ಅಲ್ಲಿ ಅಣ್ಣ ಇದ್ದ.

ಭಾನುವಾರ ಎಲ್ಲವನ್ನೂ ಕಾಪುವಿಗೆ ಹೊತ್ತು ತಂದು ಅಮ್ಮನ ಮುಂದೆ ಇಟ್ಟೆ. ಟೇಪಿನಲ್ಲಿ ಅವಳ ಸ್ವರ ಕುಗ್ಗಿತು, ಬೆಕ್ಕಿನ ಜಾಗ ಬಂದಾಗ ನಿಂತಿತು. ಜರಿಜರಿ ಸದ್ದಿನ ನಡುವೆ, “ಅಮ್ಮಾ, ನಾನು ಈ ಸಲ ಬರುವಾಗ...” ಅಷ್ಟೇ. ಮತ್ತೆ ಅಮ್ಮನ ಮಾತು ಶುರುವಾಯಿತು.

“ಮುಂದೆ?”

“ಮುಂದೆ ನಿನ್ನ ಮಾತು ಉಂಟಮ್ಮ. ಅವನದ್ದು ಸಿಗುದಿಲ್ಲ.”

ಅವಳು ನಂಬಲಿಲ್ಲ. ಮತ್ತೆ ಹಾಕಿಸಿದಳು, ಮತ್ತೆ ಅಲ್ಲಿಗೇ ಕಡಿಯಿತು. ಮೂರನೇ ಸಲ ಅಮ್ಮ ಸ್ಪೀಕರಿನ ಮೇಲೆ ಅಂಗೈಯಿಂದ ರಪ್ಪನೆ ಹೊಡೆದು, ತನ್ನದೇ ಸ್ವರದ ಮೇಲೆ ಕಿರುಚಿದಳು:

“ಬಾಯಿ ಮುಚ್ಚು ಮಾರಾಯ್ತಿ! ಮಗ ಮಾತಾಡ್ತಾ ಇದ್ದಾನೆ, ಗೊತ್ತಾಗುದಿಲ್ವಾ ನಿನಗೆ?”