ಮೂವತ್ತೊಂದು ಎಲೆಗಳ ಪಟ್ಟಿ

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯ ನಡುಮನೆಯಲ್ಲಿ ಮೂವತ್ತೊಂದು ಎಲೆಗಳನ್ನು ಹಾಕುವ ಪದ್ಧತಿ ಇತ್ತು. ಒಂದೊಂದು ಎಲೆಯೂ ತೀರಿಹೋದ ಒಬ್ಬೊಬ್ಬರದು. ಅಟ್ಟೂರಿನ ಹಳೆಯ ಮನೆತನಗಳಲ್ಲಿ ಬಹುಪಾಲಿನವರು ಹಿರಿಯರೆಲ್ಲರಿಗೂ ಸೇರಿಸಿ ಒಂದೇ ಎಡೆ ಇಟ್ಟು ಕೈಮುಗಿಯುತ್ತಾರೆ. ನನ್ನ ಅತ್ತೆಯವರು ಅದನ್ನು ಒಪ್ಪುತ್ತಿರಲಿಲ್ಲ. ಸತ್ತವರಿಗೂ ಅವರವರ ನಾಲಿಗೆ ಇರುತ್ತದೆ ಎಂಬುದು ಅವರ ನಂಬಿಕೆ. ಅವರ ಮಾವನಿಗೆ ಮುದ್ದೆ, ಬಾಡಿನ ಸಾರು ಮತ್ತು ಎರಡು ಬೀಡಿ. ಮಾವನ ತಮ್ಮನಿಗೆ ಬಾಡು ಆಗದು, ಹುರುಳಿ ಬಸ್ಸಾರೇ ಆಗಬೇಕು. ಚೊಚ್ಚಲ ಬಸುರಿಯಾಗಿದ್ದಾಗಲೇ ತೀರಿಕೊಂಡ ಒಬ್ಬ ಹೆಣ್ಣುಮಗಳಿಗೆ ಹುರಿಗಡಲೆ ಮತ್ತು ಬೆಲ್ಲ. ಕೊನೆಯ ದಿನಗಳಲ್ಲಿ ಆಕೆಯ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಅದೊಂದೇ ಅಂತೆ. ಬಡಿಸಿದ ಮೇಲೆ ಅತ್ತೆಯವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಅನಂತರ ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ನಿಲ್ಲುತ್ತಿದ್ದೆವು. ಹೆಸರು ಹಿಡಿದು ಕರೆಯದಿದ್ದರೆ ಹಿರಿಯರು ಹೊಸಿಲು ದಾಟಲಾರರು, ಬಂದ ದಾರಿಯಲ್ಲಿ ಹಸಿದುಕೊಂಡೇ ಹಿಂದಿರುಗುತ್ತಾರೆ ಎಂದು ಅವರು ಹೇಳುತ್ತಿದ್ದರು.

ಈ ಮೂವತ್ತೊಂದು ಹೆಸರುಗಳೂ ಅವರ ತಲೆಯಲ್ಲಿ ಮಾತ್ರ ಇದ್ದವು. ನಮ್ಮ ಕಡೆ ಹೊಸ ವಿಮಾನ ನಿಲ್ದಾಣ ಆರಂಭವಾದ ಮರುವರ್ಷದ ಅಮಾವಾಸ್ಯೆಯಲ್ಲಿ, ಸೌಟು ಹಿಡಿದು ಸಾಲಿನ ನಡುವೆ ಬಂದ ಅತ್ತೆಯವರು ಒಂದು ಎಲೆಯ ಮುಂದೆ ನಿಂತುಬಿಟ್ಟರು.

"ಇದ್ಯಾರ್ದವ್ವ?" ಎಂದು ನನ್ನನ್ನೇ ಕೇಳಿದರು.

ಸ್ವಲ್ಪ ಹೊತ್ತಿನಲ್ಲಿ ನೆನಪಾಯಿತು, ಬಡಿಸಿದರು. ಆದರೆ ನನಗೆ ಸಮಾಧಾನವಾಗಲಿಲ್ಲ. ನಾನು ಹದಿನೆಂಟು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಆ ವರ್ಷವಷ್ಟೇ ಕೆಲಸ ಬಿಟ್ಟಿದ್ದೆ. ಮಕ್ಕಳ ಉತ್ತರಪತ್ರಿಕೆಯಿರಲಿ, ಮದುವೆಯ ಕರೆಯೋಲೆಯಿರಲಿ, ಕೈಗೆ ಬಂದರೆ ಕೆಂಪು ಶಾಯಿಯಿಂದ ತಿದ್ದದೆ ಬಿಟ್ಟವಳಲ್ಲ. ಬರೆಯದೆ ಉಳಿದ ವಿಷಯವನ್ನು ನಾನು ಎಂದೂ ನಂಬಿದವಳಲ್ಲ. ಮೂರು ಮಧ್ಯಾಹ್ನ ಅತ್ತೆಯವರನ್ನು ಕಂಪ್ಯೂಟರಿನ ಪಕ್ಕ ಕೂರಿಸಿಕೊಂಡು, ಆಗ ಎಲ್ಲರೂ ಬಳಸುತ್ತಿದ್ದ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಪಟ್ಟಿ ಮಾಡಿದೆ. ಹೆಸರು, ಸಂಬಂಧ, ಊರು, ಇಷ್ಟದ ಅಡುಗೆ, ವಿಶೇಷ ಸೂಚನೆ ಎಂದು ಐದು ಕಾಲಂ ಎಳೆದಿದ್ದೆ.

"ಬರ್ಕೊಂಡ್ಯಾ?"

"ಬರೆದುಕೊಂಡೆ ಅತ್ತೆ."

"ಎಲ್ಲಾನೂವಾ? ಆ ಉರ್ಗಡ್ಲೆ ಉಡ್ಗೀನೂ?"

"ಅವಳನ್ನೂ ಬರೆದೆ."

"ಅಂಗಾದ್ರೆ ಸರಿ ಕಣಮ್ಮ. ಇನ್ ನಾನ್ ಮರೀಬೋದು," ಎಂದು ಅವರು ಕಾಲು ಚಾಚಿಕೊಂಡರು. ತಮಾಷೆಗೆ ಹೇಳಿದರೆಂದು ನಾನೂ ನಕ್ಕೆ.

ಪ್ರತಿವರ್ಷವೂ ಪಟ್ಟಿಯನ್ನು ಹೊಸದಾಗಿ ಮುದ್ರಿಸಬೇಕಾಗಿತ್ತು. ಸತ್ತವರ ಹೆಸರಿರುವ ಕಾಗದ ಬದುಕಿರುವವರ ಮನೆಯಲ್ಲಿ ಉಳಿಯಕೂಡದೆಂದು ಅತ್ತೆಯವರು ಅದನ್ನು ಎಡೆಯ ಎಲೆಗಳೊಂದಿಗೆ ನೀರಿಗೆ ಬಿಡಿಸುತ್ತಿದ್ದರು. ನಮ್ಮಲ್ಲಿ ಮುದ್ರಣಯಂತ್ರ ಇರಲಿಲ್ಲ. ಪೆನ್ ಡ್ರೈವ್ ಹಿಡಿದು ಯಲಹಂಕ ಉಪನಗರದ ಒಂದು ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದೆ. ಮುದ್ರಣ ಮುಗಿದ ಕೂಡಲೇ ಪಟ್ಟಿಯ ಪ್ರತಿಯನ್ನು ಅವರ ಕಂಪ್ಯೂಟರಿನಿಂದ ಅಳಿಸಿಹಾಕಬೇಕೆಂದು ನಿಂತು ಹಟ ಹಿಡಿಯುತ್ತಿದ್ದೆ.

ಅಂಗಡಿಯವರು ನಗುತ್ತಿದ್ದರು. "ಮೇಡಂ, ಸತ್ತೋರ್ ಲಿಸ್ಟ್ ಇಟ್ಕೊಂಡು ನಾನೇನ್ ಮಾಡ್ಲಿ? ಎಲೆಕ್ಷನ್‌ಗೆ ನಿಲ್ತೀನಾ?"

"ನಿಲ್ಲಿ, ಬಿಡಿ. ಮೊದಲು ಅಳಿಸಿ," ಎನ್ನುತ್ತಿದ್ದೆ.

ಮೂರನೆಯ ವರ್ಷ ಆ ಅಂಗಡಿಯಿಂದಲೋ ಇನ್ನೆಲ್ಲಿಂದಲೋ ಪೆನ್ ಡ್ರೈವಿನಲ್ಲಿ ವೈರಸ್ ಮನೆಗೆ ಬಂತು. ಕಡತಗಳ ಜಾಗದಲ್ಲಿ ಅವುಗಳದೇ ಹೆಸರಿನ ನಕಲಿ ಚಿಹ್ನೆಗಳು ಕುಳಿತವು. ಒತ್ತಿದರೆ ಇನ್ನೇನೋ ತೆರೆಯುತ್ತಿತ್ತು. ಒಮ್ಮೆ ಪರದೆಯ ತುಂಬ ಅರೆಬಟ್ಟೆಯ ಹೆಂಗಸೊಬ್ಬಳ ಜಾಹೀರಾತು ಬಂದಾಗ ಹಿಂದೆಯೇ ನಿಂತಿದ್ದ ಅತ್ತೆಯವರು, "ಯಾರವ್ವ ಈಕೆ? ನಮ್ಮೋರಲ್ವಲ್ಲ," ಎಂದರು. ವೈರಸ್ ನಿರೋಧಕವನ್ನು ಗಂಟೆಗಟ್ಟಲೆ ಓಡಿಸಿದರೂ ಎರಡು ದಿನ ಸುಮ್ಮನಿದ್ದು ಮತ್ತೆ ತಲೆಯೆತ್ತುತ್ತಿತ್ತು. ಬ್ಯಾಂಕಿನ ಗುಪ್ತಪದಗಳನ್ನು ಕದಿಯುತ್ತಾರೆಂದು ಪತ್ರಿಕೆಗಳಲ್ಲಿ ಓದಿದ ಮೇಲೆ ನನಗೆ ಆ ಕಂಪ್ಯೂಟರನ್ನು ಮುಟ್ಟುವುದಕ್ಕೇ ಅಂಜಿಕೆಯಾಯಿತು.

ನನ್ನೊಂದಿಗೆ ಶಾಲೆಯಲ್ಲಿದ್ದ ಕಂಪ್ಯೂಟರ್ ಶಿಕ್ಷಕರೊಬ್ಬರು ಆರ್.ಟಿ. ನಗರದಲ್ಲಿದ್ದರು. ಅವರಿಗೆ ಫೋನ್ ಮಾಡಿದೆ.

"ಕಂಪ್ಯೂಟರ್ ನಡ್ಸೋ ಸಾಫ್ಟ್‌ವೇರನ್ನೇ ಬದ್ಲಾಯ್ಸಿ ಲಿನಕ್ಸ್ ಹಾಕ್ಬಿಡಿ ಮೇಡಂ. ಪುಕ್ಸಟ್ಟೆ. ಈ ವೈರಸ್‌ಗಳಿಗೆ ಅದ್ರ ಮನೆ ಅಡ್ರೆಸ್ಸೇ ಗೊತ್ತಿಲ್ಲ ಕಣ್ರೀ," ಎಂದರು. ಅವರ ಮನೆಗೆ ಹೋಗಿ ಸಿ.ಡಿ. ತಂದೆ. ಮಾಡಬೇಕಾದದ್ದನ್ನು ಅವರು ಹೇಳುತ್ತ ಹೋದರು, ನಾನು ನೋಟುಪುಸ್ತಕದಲ್ಲಿ ಹದಿನಾಲ್ಕು ಹಂತಗಳಾಗಿ ಬರೆದುಕೊಂಡೆ. ಕಡತಗಳ ಪ್ರತಿ ತೆಗೆದಿಡುವುದು ಎರಡನೆಯ ಹಂತ. ನಾನು ಎರಡು ಸಿ.ಡಿ.ಗಳಲ್ಲಿಯೂ ಪೆನ್ ಡ್ರೈವಿನಲ್ಲಿಯೂ ಪ್ರತಿ ತೆಗೆದಿಟ್ಟೆ. ಹದಿಮೂರನೆಯದು ಹೀಗಿತ್ತು: 'ಸೋಂಕು ತಗುಲಿದ ಕಡತ ಕಂಡರೆ ಯೋಚಿಸದೆ ಅಳಿಸುವುದು.' ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ.

ಹಳೆಯ ವ್ಯವಸ್ಥೆಯನ್ನು ಪೂರ್ತಿಯಾಗಿ ಒರೆಸಿ ಹೊಸದನ್ನು ಸ್ಥಾಪಿಸುವುದಕ್ಕೆ ಒಂದು ಬೆಳಗ್ಗೆ ಹಿಡಿಯಿತು. ಪರದೆ ತಿಳಿಯಾಗಿ ಬೆಳಗಿತು. ಜಾಹೀರಾತು ಇರಲಿಲ್ಲ, ನಕಲಿ ಚಿಹ್ನೆ ಇರಲಿಲ್ಲ. ಹಂತಗಳಿಗೆ ಒಂದೊಂದಾಗಿ ಗುರುತು ಹಾಕುತ್ತ ಬಂದು, ಸಿ.ಡಿ.ಯಿಂದ ಕಡತಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಮೊದಲು ಪಟ್ಟಿಯನ್ನೇ ತೆರೆದೆ.

ನಾನು ಎಳೆದ ಐದು ಕಾಲಂಗಳು ಹಾಗೆಯೇ ಇದ್ದವು. ಆದರೆ ಅವುಗಳೊಳಗೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ತಲೆಯ ಮೇಲೆ ಕೊಂಬು, ಚುಕ್ಕೆ, ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳು ಇರುವೆಗಳಂತೆ ಮುತ್ತಿಕೊಂಡಿದ್ದವು. ನನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆರೆದೆ, ಅವುಗಳ ಗತಿಯೂ ಇದೇ. ಇಂಗ್ಲಿಷಿನಲ್ಲಿ ಬರೆದಿದ್ದ ಗ್ಯಾಸ್ ಏಜೆನ್ಸಿಯ ಪತ್ರ ಮಾತ್ರ ಸ್ವಚ್ಛವಾಗಿತ್ತು. ಅದನ್ನು ಕಂಡಾದರೂ ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ವೈರಸ್ ನನ್ನ ಕನ್ನಡವನ್ನೇ ಆರಿಸಿ ತಿಂದಿದೆ ಎಂದು ಭಾವಿಸಿದೆ. ಎರಡನೆಯ ಸಿ.ಡಿ., ಪೆನ್ ಡ್ರೈವ್, ಎಲ್ಲದರಲ್ಲೂ ಅದೇ ರೂಪ.

ಆರ್.ಟಿ. ನಗರಕ್ಕೆ ಎರಡು ಬಾರಿ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಕಾಯುತ್ತ ಕುಳಿತರೆ ಸೋಂಕು ಹೊಸ ವ್ಯವಸ್ಥೆಗೂ ಹಬ್ಬೀತೆಂದು ಭಯವಾಯಿತು. ಪಟ್ಟಿ ಹೇಗೂ ಸತ್ತುಹೋಗಿದೆ, ಹೆಣವನ್ನು ಮನೆಯಲ್ಲಿಟ್ಟುಕೊಂಡು ಮಾಡುವುದೇನು ಎಂದುಕೊಂಡೆ. ಹದಿಮೂರನೆಯ ಹಂತದಲ್ಲಿ ಬರೆದಿದ್ದಂತೆಯೇ ನಡೆದೆ. ಕಡತಗಳನ್ನು ಅಳಿಸಿದೆ, ಕಸದ ಬುಟ್ಟಿಯನ್ನೂ ಬರಿದು ಮಾಡಿದೆ, ಪೆನ್ ಡ್ರೈವನ್ನು ಒರೆಸಿದೆ. ಎರಡೂ ಸಿ.ಡಿ.ಗಳನ್ನು ಕತ್ತರಿಯಿಂದ ಗೀಚಿ, ಮೊಣಕಾಲಿಗೆ ಒತ್ತಿ ಮುರಿದೆ. ಹದಿಮೂರಕ್ಕೆ ಗುರುತು ಹಾಕಿದೆ.

ನಾಲ್ಕು ದಿನಗಳ ಮೇಲೆ ಅವರೇ ಫೋನ್ ಮಾಡಿದರು. ಊರಿಗೆ ಹೋಗಿದ್ದರಂತೆ.

"ಹೆಂಗಿದೆ ಮೇಡಂ ಲಿನಕ್ಸು? ಎಲ್ಲಾ ಬಂತಾ?"

ಅಕ್ಷರಗಳು ಕೆಟ್ಟದ್ದನ್ನೂ ಕಡತಗಳನ್ನು ಅಳಿಸಿದ್ದನ್ನೂ ಹೇಳಿದೆ.

"ಕೊಂಬು, ಚುಕ್ಕಿ ಇರೋ ಇಂಗ್ಲಿಷ್ ಅಕ್ಷರನಾ?"

"ಹೌದು."

"ಮೇಡಂ... ಅದು ವೈರಸ್ ಅಲ್ಲ ಕಣ್ರೀ. ಹಳೇ ಕನ್ನಡ ಸಾಫ್ಟ್‌ವೇರು ಒಳಗೆ ಇಂಗ್ಲಿಷ್ ಅಕ್ಷರನೇ ಬರ್ಕೊಂಡಿರುತ್ತೆ. ಮೇಲಿಂದ ಕನ್ನಡದ ವೇಷ ಹಾಕೋದು ಅದ್ರ ಫಾಂಟು. ಹೊಸದ್ರಲ್ಲಿ ಆ ಫಾಂಟ್ ಇರ್ಲಿಲ್ಲ, ಅಷ್ಟೆ. ಅದೊಂದ್ ಹಾಕಿದ್ರೆ ಪೂರ್ತಿ ಓದ್ಬೋದಿತ್ತು. ಹೋಗ್ಲಿ, ಸಿ.ಡಿ. ಇದ್ಯಲ್ಲ?"

"ಎರಡನ್ನೂ ಮುರಿದುಹಾಕಿದೆ," ಎಂದೆ.

ಭಾನುವಾರ ಅವರೇ ಹೆಬ್ಬಾಳ ದಾಟಿ ನಮ್ಮ ಮನೆಗೆ ಬಂದು, ಅಳಿಸಿದ ಕಡತಗಳನ್ನು ಮರಳಿ ತರುವ ಯಾವುದೋ ತಂತ್ರಾಂಶವನ್ನು ಸಂಜೆಯವರೆಗೆ ಓಡಿಸಿದರು. ಎಂಟನೆಯ ತರಗತಿಯ ಪ್ರಶ್ನೆಪತ್ರಿಕೆಯೊಂದರ ಅರ್ಧ ಸಿಕ್ಕಿತು. ಮರುದಿನ ಜೆರಾಕ್ಸ್ ಅಂಗಡಿಗೆ ಹೋದೆ. "ನಿಂತ್ಕೊಂಡು ಡಿಲೀಟ್ ಮಾಡ್ಸಿದ್ದು ನೀವೇ ಅಲ್ವಾ ಮೇಡಂ?" ಎಂದರು ಅಂಗಡಿಯವರು. ಈ ಸಲ ಅವರು ನಗಲಿಲ್ಲ.

ಉಳಿದದ್ದು ಅತ್ತೆಯವರ ನೆನಪು. ಆದರೆ ಆ ಮೂರು ವರ್ಷಗಳಲ್ಲಿ ಅವರು ತಾವು ಹೇಳಿದಂತೆಯೇ ಮಾಡಿದ್ದರು. ನಾನು ಬರೆದುಕೊಂಡಿದ್ದೇನೆಂಬ ಧೈರ್ಯದಲ್ಲಿ ಹೆಸರುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿದ್ದರು. ಅವರೆಕಾಯಿ ಸುಲಿಯುವಾಗ, ತಲೆ ಬಾಚುವಾಗ ಮೆಲ್ಲನೆ ಕೇಳುತ್ತಿದ್ದೆ. "ನೀನ್ ಬರ್ಕೊಂಡಿದ್ಯಲ್ಲ, ನೋಡ್ಕೊ ಓಗು. ಮುದ್ಕೀನ ಯಾಕ್ ಪರೀಕ್ಷೆ ಮಾಡ್ತೀಯ ಟೀಚರಮ್ಮ?" ಎಂದು ಗದರುತ್ತಿದ್ದರು. ಪಟ್ಟಿ ಹೋಯಿತೆಂದು ಒಮ್ಮೆ ಬಾಯಿಬಿಟ್ಟು ಹೇಳಿದೆ. "ಎಲ್ಲಿಗೋಯ್ತದೆ? ಪೆಟ್ಗೆ ಇಲ್ಲೇ ಐತಲ್ಲ," ಎಂದು ಕಂಪ್ಯೂಟರನ್ನು ತೋರಿಸಿದರು. ಚಿಕ್ಕಜಾಲದಲ್ಲಿದ್ದ ಅವರ ತಂಗಿಯಿಂದ ಎರಡು ಹೆಸರು ದೊರೆತವು. ಎಲ್ಲ ಸೇರಿ ಹತ್ತೊಂಬತ್ತಾದವು. ಹುರಿಗಡಲೆಯ ಹುಡುಗಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದನ್ನು ನನ್ನ ಬೆರಳುಗಳೇ ಒತ್ತಿದ್ದವು. ಮೊದಲ ಅಕ್ಷರವೂ ನನಗೆ ನೆನಪಾಗಲಿಲ್ಲ.

ಅಮಾವಾಸ್ಯೆ ಬಂತು. ಮೂವತ್ತೊಂದು ಎಲೆಗಳನ್ನೂ ಹಾಕಿದೆ. ಹತ್ತೊಂಬತ್ತಕ್ಕೆ ಅವರವರ ಊಟ ಬಡಿಸಿದೆ. ಒಂದಕ್ಕೆ ಹೆಸರಿಲ್ಲದಿದ್ದರೂ ಹುರಿಗಡಲೆ ಬೆಲ್ಲ ಇಟ್ಟೆ. ಮಿಕ್ಕವುಗಳಿಗೆ ಏನು ಬಡಿಸಬೇಕೆಂದು ತಿಳಿಯಲಿಲ್ಲ. ಅತ್ತೆಯವರು ಗೋಡೆಗೊರಗಿ ಕುಳಿತು, "ಓದು ಟೀಚರಮ್ಮ," ಎಂದರು. ಕೈಯಲ್ಲಿ ಬರೆದಿದ್ದ ಕಾಗದವನ್ನು ನೋಡಿಕೊಂಡು ಓದಿದೆ. ಹತ್ತೊಂಬತ್ತನೆಯ ಹೆಸರಿಗೆ ನಿಲ್ಲಿಸಿದೆ.

"ಮುಂದಕ್ಕೆ?"

"ಅಷ್ಟೇ ಅತ್ತೆ."

"ಅಷ್ಟೇನಾ? ಇನ್ನೂ ಇದ್ರಲ್ಲ..." ಅವರ ಬೆರಳುಗಳು ಮಡಿಲಲ್ಲಿ ಏನನ್ನೋ ಎಣಿಸಿ ಅರ್ಧಕ್ಕೆ ನಿಂತವು. ಅನಂತರ ನನ್ನ ಮುಖವನ್ನು ನೋಡಿದರು. "ನೀನು ತಪ್ ಮಾಡೋಳಲ್ಲ ಬಿಡು. ನನಗೇ ಮರೆವು. ಅಷ್ಟೇ ಇರ್ಬೋದು."

ಹದಿನೆಂಟು ವರ್ಷ ಊರ ಮಕ್ಕಳನ್ನೆಲ್ಲ ತಿದ್ದಿದ ನಾನು ಅವರ ಆ ಮಾತನ್ನು ತಿದ್ದಬೇಕಾಗಿತ್ತು. ಬಾಯಿ ತೆರೆದೆ. ಯಾವ ಹೆಸರು ಹೇಳಿ ತಿದ್ದಲಿ?

"ಅಂಗಾದ್ರೆ ಮಿಕ್ಕಿದ್ ಎಲೆ ಎತ್ಬುಡವ್ವ," ಎಂದರು. "ಯಾರ್ದೂ ಅಲ್ದಿದ್ ಎಲೆ ಆಕ್ಬಾರ್ದು."

ಬಗ್ಗಿ ಒಂದೊಂದಾಗಿ ಎತ್ತಿದೆ. ಹನ್ನೊಂದು ಎಲೆಗಳು ಹಗುರವಾಗಿ ಬಂದವು. ಹನ್ನೆರಡನೆಯದನ್ನು ಎತ್ತುವಾಗ ಹುರಿಗಡಲೆಗಳು ಜಾರಿ ನೆಲದ ಮೇಲೆಲ್ಲ ಉರುಳಿದವು. ಅವುಗಳನ್ನು ಆರಿಸುತ್ತಿದ್ದಾಗ, ಬೇಗ ಬಾ, ಬಾಗಿಲು ಮುಚ್ಚಬೇಕು ಎಂದು ಅತ್ತೆಯವರು ಜಗಲಿಯಿಂದ ಕರೆದರು.