ನಾಲಿಗೆಗೆ ಕಹಿ ಹತ್ತಿದ ದಿನ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗುಡುಗಕ್ಕ ಅಂತಲೇ ಕರೆಯುತ್ತಿದ್ದರು. ಉಸಿರು ಕಟ್ಟಿದ ರೋಗಿಗಳ ಗಂಟಲಿಗೆ ಕೊಳವೆ ಇಳಿಸುವ ಕೋಣೆಯಲ್ಲಿ ಅವಳು ನರ್ಸು. ಬಿಗಿ ಮಾಸ್ಕಿನೊಳಗಿಂದ ಕೂಗಿ ಕೂಗಿ ದನಿ ಹಾಗೆ ಬೆಳೆದಿತ್ತು. ಮನೆಯಲ್ಲಿ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

ಅಂಥವಳೂ ಒಂದು ಸಲ ಎಡವಿದಳು. ರೋಗಿ ನೀಲಿಗಟ್ಟುತ್ತಿದ್ದಾನೆ ಅಂತ ಕೈಗೆ ಸಿಕ್ಕ ಬಟ್ಟೆ ಮಾಸ್ಕನ್ನೇ ಕಟ್ಟಿಕೊಂಡು ಒಳಗೆ ಓಡಿದಳು. ಕೊಳವೆ ಇಳಿಯುವಾಗ ಅವನು ಕೆಮ್ಮಿದ. ಅವನು ಬದುಕಿದ, ಇವಳು ಅವನ ಸೋಂಕು ತಗುಲಿ ಹಾಸಿಗೆ ಹಿಡಿದಳು. ಗುಣವಾಗಿ ಎದ್ದಳೇನೋ ನಿಜ, ಆದರೆ ನಾಲಿಗೆಗೆ ರುಚಿ ಮರಳಲಿಲ್ಲ.

ರುಚಿ ಇಲ್ಲದವರಿಗೆ ಆ ಕೋಣೆಗೆ ಪ್ರವೇಶವಿಲ್ಲ. ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದೆಯೇ ಅಂತ ಅಲ್ಲಿ ನೋಡುವುದು ನಾಲಿಗೆಯಿಂದಲೇ. ತಲೆಗೆ ಕತ್ತಿನವರೆಗೂ ಇಳಿಯುವ ದೊಡ್ಡ ಟೊಪ್ಪಿಗೆ ಮುಚ್ಚಿ ಒಳಗೆ ಕಹಿನೀರು ಸಿಂಪಡಿಸುತ್ತಾರೆ. ಮೊದಲು ಮಾಸ್ಕಿಲ್ಲದೆ, ಆಗ ಕಹಿ ಗೊತ್ತಾಗಬೇಕು. ಆಮೇಲೆ ಮಾಸ್ಕು ಹಾಕಿ, ಆಗ ಗೊತ್ತಾಗಬಾರದು. ಗುಡುಗಕ್ಕನಿಗೆ ಎರಡೂ ಒಂದೇ ಆಗಿಹೋಗಿತ್ತು. ಅವಳನ್ನು ಬಟ್ಟೆ ಕೋಣೆಗೆ, ಹೊದಿಕೆ ಮಡಿಸಲು ಹಾಕಿದರು. ಹೊದಿಕೆಗಳ ಮೇಲೆ ಗುಡುಗಿ ಏನು ಬಂತು!

ಒಮ್ಮೆ ಕಳ್ಳಾಟವನ್ನೂ ಆಡಿದಳು. ಪರೀಕ್ಷೆ ಮಾಡುವ ಹುಡುಗನಿಗೆ ಎಲ್ಲರೂ ಇಟ್ಟ ಹೆಸರು ಕಹಿರಾಯ. ಅವನು ಸಿಂಪಡಿಸಿದ್ದೇ ತಡ, ಮುಖ ಕಿವುಚಿ, "ಅಯ್ಯಪ್ಪಾ, ಕಹಿ! ಸಾಯಿಸ್ತೀಯೇನೋ?" ಅಂದಳು.

"ಅಕ್ಕಾ, ಅದು ಬರೀ ನೀರು. ನಿಮ್ಮ ಕಣ್ಣು ನೋಡೇ ಅನುಮಾನ ಬಂತು. ಇನ್ನೊಂದ್ಸಲ ನಿಮ್ಮನ್ನ ಹಾಸಿಗೆ ಹಿಡಿಸೋ ಪಾಪ ನಂಗೆ ಬೇಡ."

ಆಸ್ಪತ್ರೆಯೆಲ್ಲಾ ನಕ್ಕಿತು, ಅವಳೂ ನಕ್ಕಳು. ಆಮೇಲೆ ಬಟ್ಟೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಸೀದ ವಾಸನೆಯೂ ತಿಳಿಯದ ಅವಳ ಕೈಯಿಂದ ಸೌಟು ಈಗ ದರ್ಜಿ ಗಂಡನ ಕೈಗೆ ಹೋಗಿತ್ತು. ಬೆಳಿಗ್ಗೆ ಡಬ್ಬಿ ಕಟ್ಟಿಕೊಡುತ್ತಿದ್ದ, ಸಂಜೆ ತಪ್ಪದೆ "ಹೇಗಿತ್ತೇ?" ಅನ್ನುತ್ತಿದ್ದ. ಪಾಪ, ಕಷ್ಟಪಟ್ಟು ಮಾಡಿದ್ದಾರೆ ಅಂತ ಅವಳು "ಚೆನ್ನಾಗಿತ್ತು ಕಣ್ರೀ" ಅನ್ನುತ್ತಿದ್ದಳು.

ಒಂದು ದಿನ ಮತ್ತೆ ಪರೀಕ್ಷೆಗೆ ಕೂತಳು. ಟೊಪ್ಪಿಗೆಯೊಳಗೆ ಸಿಂಪಡಿಸಿದಾಗ ಗುಡುಗಕ್ಕ ನಾಲಿಗೆ ಚಪ್ಪರಿಸಿ ಮತ್ತೆ ಮತ್ತೆ ನೋಡಿದಳು. ಕಹಿರಾಯನಿಗೆ ಗಾಬರಿ.

"ಈ ಸಲಾನೂ ನೀರೇನೋ?" ಅಂದಳು.

"ಇಲ್ಲಕ್ಕಾ, ಕಹಿದೇ."

"ಕಹಿ ಹತ್ತಿತು ಕಣೋ! ದೇವರಾಣೆ ಕಹಿ ಹತ್ತಿತು!"

ಆ ಗುಡುಗು ಕೆಳಗಿನ ಮಹಡಿಯ ಕಾವಲುಗಾರನಿಗೂ ಕೇಳಿತು. ಮಾಸ್ಕು ಹಾಕಿ ಮತ್ತೆ ಸಿಂಪಡಿಸಿದಾಗ ಚೂರೂ ಕಹಿಯಿಲ್ಲ. ಪಾಸು! ಡಾಕ್ಟರಮ್ಮ ಓಡಿಬಂದು, "ನಾಳೆಯಿಂದ ಒಳಗೆ ಬಾರಮ್ಮ, ನೀನಿಲ್ಲದೆ ಕೋಣೆ ಬಣಗುಟ್ತಿದೆ" ಅಂದರು.

ಮಧ್ಯಾಹ್ನ ಕುಣಿಯುತ್ತಾ ಡಬ್ಬಿ ಬಿಚ್ಚಿ ತುತ್ತು ಬಾಯಿಗಿಟ್ಟಳು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕಟ್ಟಿದವರು ಆ ಡಬ್ಬಿಯ ಊಟ ಉಂಡಿರಲಿಲ್ಲ.

ಸಂಜೆ ಹೊಸ್ತಿಲಲ್ಲೇ ನಿಂತು ಗುಡುಗಿದಳು. "ಏನ್ರೀ, ಉಪ್ಪಿನ ಮೂಟೇನೇ ಸುರಿದಿದ್ದೀರಾ? ಬಾಯಿಗಿಡೋ ಹಾಗಿಲ್ಲ!"

ಗಂಡನ ಹೊಲಿಗೆ ಯಂತ್ರ ನಿಂತಿತು. ಅವನ ಕಣ್ಣು ತುಂಬಿ ಬಂದಿತ್ತು.

"ಈ ಬೈಗುಳಕ್ಕೇ ಕಾಯ್ತಿದ್ದೆ ಕಣೇ. ನಿಂಗೆ ರುಚಿ ಬಂದಿದ್ದು ಅವತ್ತೇ ಗೊತ್ತಾಗ್ಲಿ ಅಂತ ದಿನಾ ಒಂದು ಚಮಚ ಜಾಸ್ತಿ ಹಾಕ್ತಿದ್ದೆ."

"ಮತ್ತೆ ನೀವು ಹೇಗೆ ತಿಂತಿದ್ರಿ?"

"ನೀನು ಚೆನ್ನಾಗಿದೆ ಅಂತ ತಿನ್ನುವಾಗ ನಾನು ಬೇಡ ಅನ್ನೋಕಾಗುತ್ತಾ?"

ಇಬ್ಬರೂ ಉಳಿದಿದ್ದ ಉಪ್ಪಡುಗೆಯನ್ನೇ ಮುಂದಿಟ್ಟುಕೊಂಡು ಕೂತರು. ಅವಳು ಬೈಯುತ್ತಾ, ಅವನು ಬೈಸಿಕೊಳ್ಳುತ್ತಾ, ಚೊಂಬುಗಟ್ಟಲೆ ನೀರು ಕುಡಿದುಕೊಂಡು ಪಾತ್ರೆಯ ತಳ ಕಾಣುವವರೆಗೂ ತಿಂದರು.