ಶಿವಕ್ಕನ ಕಡ್ಡಿ

ಗೋವಿಂದರಾಜನಗರದಲ್ಲಿ ಶಿವಕ್ಕ ಸಿಸ್ಟರಿಗೆ ಗಂಟಲು ತೋರಿಸದ ನರಮನುಷ್ಯ ಇನ್ನೂ ಹುಟ್ಟಿಲ್ಲ ಎಂಬುದು ಪ್ರತೀತಿ. ಬೆರಳು ಕುಯ್ದುಕೊಂಡವರಾಗಲಿ, ಬೈಕಿನಿಂದ ಬಿದ್ದವರಾಗಲಿ, ನರ್ಸಿಂಗ್ ಹೋಮಿನ ಎಮರ್ಜೆನ್ಸಿ ಬಾಗಿಲು ದಾಟಿದರೆ ಸಾಕು, "ಬಾಯಿ ತೆಗೀರಿ!" ಎಂಬ ಸಿಂಹಗರ್ಜನೆ ಎದುರಾಗುತ್ತದೆ, ಮರದ ಚಪ್ಪಟೆ ಕಡ್ಡಿಯೊಂದು ಕಿರುನಾಲಿಗೆಯ ಹಿಂದಕ್ಕೆ ದಂಡಯಾತ್ರೆ ಹೊರಡುತ್ತದೆ. "ಗಾಯ ಆಗಿರೋದು ಕಾಲಿಗೆ ಸಿಸ್ಟರ್!" ಎಂದು ಗೋಗರೆದರೆ, "ಕಾಲಿನ ಸುದ್ದಿ ದವಡೆ ಹೇಳತ್ತೆ, ತೆಗೀರಿ" ಎನ್ನುತ್ತಾಳೆ. ಓಕರಿಸಿದವರ ಬೆನ್ನು ತಟ್ಟಿ "ಪಾಸು" ಎಂದು ಘೋಷಿಸಿ, ಟಿಟಿ ಇಂಜೆಕ್ಷನ್ ಚುಚ್ಚುತ್ತಾಳೆ. ಲಿಫ್ಟ್ ರಿಪೇರಿಗೆ ಬಂದು ಕೈ ತರಚಿಕೊಂಡ ಕಲ್ಮೇಶನೂ ಪಾಸಾದವನೇ. ಹೋದ ಶ್ರಾವಣದಲ್ಲಿ ಸೇತುರಾಮ ಮೇಷ್ಟ್ರು ಬಂದು, "ಹಲ್ಲುನೋವಮ್ಮ, ದವಡೆ ಹಿಡ್ಕೊಂಡಿದೆ, ಒಳ್ಳೆ ಡೆಂಟಿಸ್ಟ್ ಇದ್ರೆ ಹೇಳಿ" ಎಂದರು. ಎರಡು ಬೆರಳಗಲ ತೆರೆದ ಬಾಯೊಳಕ್ಕೆ ಕಡ್ಡಿ ಹೋಯಿತು. ಮೇಷ್ಟ್ರಿಗೆ ಓಕರಿಕೆ ಬರಲಿಲ್ಲ, ದವಡೆ ತಾನಾಗಿ ಕಟಕ್ಕನೆ ಕಡ್ಡಿಯನ್ನು ಕಚ್ಚಿಕೊಂಡಿತು. "ಕಾಲು ತೋರಿಸಿ ಸಾರ್." ಹೆಬ್ಬೆರಳ ಅಡಿಯಲ್ಲಿ, ತಾರಸಿಯ ಕುಂಡದ ಗುಲಾಬಿ ಮುಳ್ಳು ಚುಚ್ಚಿದ ಹತ್ತು ದಿನದ ಗಾಯವಿತ್ತು. "ಡಾಕ್ಟ್ರೇ, ಧನುರ್ವಾಯು!" ಡಾಕ್ಟರ್ ಮಾಲವಿಕಾ ನಂಜು ತಡೆಯುವ ಇಂಜೆಕ್ಷನ್ ಕೊಟ್ಟು, ಗಾಯ ಬಿಡಿಸಿ ತೊಳೆದು, ಐಸಿಯುನ ಮೂಲೆಕೋಣೆಗೆ ಸೇರಿಸಿದರು. ಒಂದು ಚಮಚ ಬಿದ್ದ ಸದ್ದಿಗೂ ಮೇಷ್ಟ್ರ ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಮೂರು ವಾರ ಆ ಸಿಂಹಿಣಿ ಪರದೆ ಎಳೆದ ಕೋಣೆಯಲ್ಲಿ ತುದಿಗಾಲಲ್ಲಿ ನಡೆದಳು, ಪಿಸುಮಾತಲ್ಲೇ ಬೈದಳು, ಬಳೆಗಳನ್ನೂ ಬಿಚ್ಚಿಟ್ಟಿದ್ದಳು. ಗುಣವಾದ ಮೇಷ್ಟ್ರು ಮೈಸೂರು ಪಾಕಿನ ಡಬ್ಬ ಹಿಡಿದು ಬಂದು, "ಅದು ಹೇಗಮ್ಮ ಕಂಡುಹಿಡಿದ್ರಿ?" ಎಂದು ಕೈಮುಗಿದರು. "ನಾನೇನ್ ಕಂಡುಹಿಡಿದೆ ಸಾರ್? ಎಲ್ರಿಗೂ ಕಡ್ಡಿ ಹಾಕ್ತೀನಿ. ಎಲ್ರೂ ಓಕರಿಸ್ತಾರೆ, ನೀವು ಕಚ್ಚಿದ್ರಿ."